ಗಾಲಿಯ ಮೇಲಿನ ಅಡುಗೆಮನೆ: ರುಚಿಯ ವ್ಯಾಪಾರದ ಲೆಕ್ಕ ಮತ್ತು ಕಾನೂನು

ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಹರಿಯುವಾಗ ಗೋಕಾಕ ಜಲಪಾತದ ದಂಡೆಯಲ್ಲಿ ಸೇರುವ ಜನಜಂಗುಳಿಯನ್ನು ಈ ಭಾಗದ ವ್ಯಾಪಾರಸ್ಥರೆಲ್ಲರೂ ಕಂಡಿದ್ದಾರೆ. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ನೀರನ್ನು ನೋಡಿ, ತೂಗುಸೇತುವೆಯ ಬದಿಗೆ ನಿಂತು, ತೊಯ್ದ ಬಟ್ಟೆಯಲ್ಲಿಯೇ ಮರಳುವ ಪ್ರವಾಸಿಗನಿಗೆ ಮೊದಲು ಬೇಕಾಗುವುದು ಬಿಸಿ ಚಹ ಮತ್ತು ಒಂದು ತಟ್ಟೆ ಮಿರ್ಚಿ ಭಜಿ. ಇದುವರೆಗೆ ಈ ಬೇಡಿಕೆಯನ್ನು ಪೂರೈಸುತ್ತ ಬಂದವು ತಳ್ಳುಗಾಡಿಗಳು, ಸುಟ್ಟ ಗೋವಿನಜೋಳದ ಬುಟ್ಟಿಗಳು ಮತ್ತು ತಗಡಿನ ಚಪ್ಪರಗಳು. ಈಗ ಇವುಗಳ ಜೊತೆಗೆ ಬಣ್ಣ ಬಳಿದ, ದೀಪ ತೊಡಿಸಿದ, ಒಳಗೆ ಉಕ್ಕಿನ ಕಟ್ಟೆ ಮತ್ತು ಒಲೆಗಳನ್ನು ಕೂಡಿಸಿದ ಸಂಚಾರಿ ಅಡುಗೆ ವಾಹನಗಳತ್ತ ಯುವ ಉದ್ಯಮಿಗಳ ಗಮನ ಹರಿದಿದೆ. ನಗರಗಳಲ್ಲಿ ‘ಫುಡ್ ಟ್ರಕ್’ ಎಂದು ಕರೆಯಲ್ಪಡುವ ಈ ವ್ಯವಹಾರವು ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ಎಷ್ಟರಮಟ್ಟಿಗೆ ಸಾಧ್ಯ, ಅದರ ನಿಜವಾದ ಖರ್ಚು ಎಷ್ಟು, ಯಾವ ಕಾನೂನುಗಳು ಅದಕ್ಕೆ ಅನ್ವಯಿಸುತ್ತವೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ವಿಷಯ ಚಿಕ್ಕದೆಂದು ತೋರಬಹುದು. ಆದರೆ ಕಿರಾಣಿ ಅಥವಾ ಸಿಹಿತಿನಿಸಿನ ಅಂಗಡಿಯ ಎರಡನೆಯ ತಲೆಮಾರಿನ ಯುವಕನೊಬ್ಬ ಎಂಟು ಲಕ್ಷ ರೂಪಾಯಿಗಳನ್ನು ಒಂದು ವಾಹನದಲ್ಲಿ ತೊಡಗಿಸಲು ಹೊರಟಾಗ, ಅದು ಬಹುಮಟ್ಟಿಗೆ ಆ ಮನೆತನದ ಉಳಿತಾಯವೇ ಆಗಿರುತ್ತದೆ. ಜಾತ್ರೆಯ ಗದ್ದಲವನ್ನು ನೋಡಿ ನಿರ್ಧಾರ ಕೈಗೊಳ್ಳುವುದಕ್ಕಿಂತ ಒಂದು ಸಂಜೆ ಕಾಗದ, ಪೆನ್ಸಿಲ್ ಹಿಡಿದು ಕುಳಿತುಕೊಳ್ಳುವುದು ಲೇಸು.

ಹಳೆಯ ಪದ್ಧತಿ, ಹೊಸ ಹೆಸರು

ಗಾಲಿಯ ಮೇಲೆ ಅಡುಗೆ ಮಾಡಿ ಮಾರುವುದು ಎಲ್ಲಿಯೂ ಹೊಸದಲ್ಲ. ಅಮೆರಿಕದಲ್ಲಿ 1866ರಲ್ಲಿ ಚಾರ್ಲ್ಸ್ ಗುಡ್‌ನೈಟ್ ಎಂಬ ದನಗಳ ವ್ಯಾಪಾರಿಯು ದೂರದ ಪೇಟೆಗಳಿಗೆ ದನ ಹೊಡೆದುಕೊಂಡು ಹೋಗುವ ಕೆಲಸಗಾರರಿಗಾಗಿ ಗಾಡಿಯೊಂದನ್ನು ಅಡುಗೆಮನೆಯನ್ನಾಗಿ ಮಾರ್ಪಡಿಸಿದನು. ಇಂದಿನ ರೂಪದ ವಿಶೇಷ ರುಚಿಯ ವಾಹನಗಳಿಗೆ ಹೆಸರು ಬಂದದ್ದು 2008ರಲ್ಲಿ. ಲಾಸ್ ಏಂಜಲೀಸ್ ನಗರದಲ್ಲಿ ರಾಯ್ ಚಾಯ್ ಎಂಬ ಬಾಣಸಿಗನು ಕೊರಿಯಾದ ಮಸಾಲೆಯನ್ನು ಮೆಕ್ಸಿಕೋದ ರೊಟ್ಟಿಯಲ್ಲಿ ಸುತ್ತಿ ಮಾರಿದ ‘ಕೋಗಿ’ ವಾಹನದಿಂದ. ಆರ್ಥಿಕ ಹಿಂಜರಿತದ ಆ ವರ್ಷಗಳಲ್ಲಿ ಹೋಟೆಲು ತೆರೆಯಲು ಬಂಡವಾಳವಿಲ್ಲದ ಅನೇಕ ಬಾಣಸಿಗರು ಇದೇ ದಾರಿ ಹಿಡಿದರು. ವಾಹನವು ಇಂದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊಬೈಲ್ ಮೂಲಕ ತಿಳಿಸಿ ಗಿರಾಕಿಗಳನ್ನು ಅಲ್ಲಿಗೇ ಕರೆಸಿಕೊಂಡದ್ದು ಅದರ ಯಶಸ್ಸಿನ ಗುಟ್ಟು.

ನಮ್ಮ ಭಾಗದಲ್ಲಿ ಈ ಕೆಲಸವನ್ನು ಜಾತ್ರೆಗಳು ತಲೆತಲಾಂತರದಿಂದ ಮಾಡುತ್ತ ಬಂದಿವೆ. ಬೆಂಡು ಬತ್ತಾಸು, ಜಿಲೇಬಿ, ಚುರಮುರಿ, ಗಿರ್ಮಿಟ್ ಮಾರುವವರು ಒಂದು ಜಾತ್ರೆಯಿಂದ ಇನ್ನೊಂದು ಜಾತ್ರೆಗೆ ಸಾಗುವ ದಾರಿಯೇ ಒಂದು ವ್ಯಾಪಾರದ ಪಂಚಾಂಗ. ಜಿಲ್ಲಾ ಕೇಂದ್ರವಾದ ಬೆಳಗಾವಿಯಲ್ಲಿ ರೋಟರಿ ಕ್ಲಬ್ಬು ನಡೆಸುವ ‘ಅನ್ನೋತ್ಸವ’, ಬೆಂಗಳೂರಿನ ವಿ.ವಿ. ಪುರದ ತಿಂಡಿ ಬೀದಿ ಮತ್ತು ಅಲ್ಲಿನ ಅವರೆಬೇಳೆ ಮೇಳ ಇವು ಅದೇ ಜಾತ್ರೆಯ ಪಟ್ಟಣದ ರೂಪಗಳು. ಇಂಥ ಮೇಳಗಳಿಗೆ ಬರುವವನು ಹೊಟ್ಟೆ ತುಂಬಿಸಿಕೊಳ್ಳಲು ಬರುವುದಿಲ್ಲ. ನಾಲ್ಕು ಕಡೆ ನಾಲ್ಕು ಬಗೆಯ ರುಚಿ ನೋಡಲು ಬರುತ್ತಾನೆ. ಆದುದರಿಂದ ದೊಡ್ಡ ತಾಟಿಗಿಂತ ಸಣ್ಣ ತಟ್ಟೆ, ದೀರ್ಘ ಪಟ್ಟಿಗಿಂತ ಎರಡು ಮೂರು ಹೆಸರುವಾಸಿ ತಿನಿಸುಗಳು ಇಲ್ಲಿ ಹೆಚ್ಚು ಮಾರಾಟವಾಗುತ್ತವೆ.

ಈ ಮೂರು ತಾಲೂಕುಗಳಿಗೆ ಅಂಥ ತಿನಿಸುಗಳ ಕೊರತೆಯಿಲ್ಲ. ಅಂಟು, ಬೆಲ್ಲ, ಒಣಹಣ್ಣುಗಳಿಂದ ಮಾಡುವ ಗೋಕಾಕದ ಕರದಂಟು ನಾಡಿನಾಚೆಗೂ ಪ್ರಸಿದ್ಧವಾಗಿದೆ. ಸಂಕೇಶ್ವರದ ಮೆಣಸಿನಕಾಯಿಗೆ ಗಡಿಯಾಚೆಗಿನ ಮಹಾರಾಷ್ಟ್ರದಲ್ಲಿಯೂ ಬೇಡಿಕೆಯುಂಟು. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹೋಳಿಗೆ, ಮಾದಲಿ ಇವು ಮನೆಯಲ್ಲಿ ಸಾಮಾನ್ಯ ಊಟವೆನಿಸಿದರೂ ಪ್ರವಾಸಿಗನ ಪಾಲಿಗೆ ವಿಶೇಷ ಭೋಜನವೇ ಸರಿ. ಎಲ್ಲೆಡೆಯೂ ಸಿಗುವ ನೂಡಲ್ಸ್ ಮತ್ತು ಗೋಬಿ ಮಂಚೂರಿಯನ್ನೇ ಮಾರಲು ಎಂಟು ಲಕ್ಷದ ವಾಹನದ ಅವಶ್ಯಕತೆಯಿಲ್ಲ.

ವರ್ಷದ ಚಕ್ರ

ಅಂಗಡಿಗೆ ವಿಳಾಸ ಎಷ್ಟು ಮುಖ್ಯವೋ ವಾಹನಕ್ಕೆ ತಿಥಿ ಮತ್ತು ಋತು ಅಷ್ಟೇ ಮುಖ್ಯ. ಮಳೆಗಾಲದ ಜುಲೈನಿಂದ ಸೆಪ್ಟೆಂಬರ್‌ವರೆಗೆ ಗೋಕಾಕ ಜಲಪಾತ, ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತ ಹಾಗೂ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ಕಡೆಗೆ ಜನ ಬರುತ್ತಾರೆ. ಅದೂ ಬಹುತೇಕ ಶನಿವಾರ, ಭಾನುವಾರಗಳಂದು. ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ಮುಂದೆ ಗಾಡಿ, ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಅಲ್ಲಿ ಕಾಯುವ ರೈತ ಮತ್ತು ಚಾಲಕನಿಗೆ ಬೇಕಾದುದು ಅಗ್ಗದ, ಹೊಟ್ಟೆ ತುಂಬುವ ಊಟ. ಸಂಕೇಶ್ವರದ ಶಂಕರಲಿಂಗನ ರಥೋತ್ಸವ, ಮೂಡಲಗಿಯ ಶಿವಬೋಧರಂಗ ಮಠದ ಉತ್ಸವ, ಗೋಕಾಕದ ಗ್ರಾಮದೇವತೆ ಮಹಾಲಕ್ಷ್ಮಿಯ ಜಾತ್ರೆ, ಸ್ವಲ್ಪ ದೂರದಲ್ಲಿ ಹುಣ್ಣಿಮೆಗಳಂದು ನೆರೆಯುವ ಸವದತ್ತಿ ಯಲ್ಲಮ್ಮನ ಜಾತ್ರೆ, ಹೀಗೆ ವರ್ಷವಿಡೀ ಸಂದರ್ಭಗಳಿವೆ. ಸಂಕೇಶ್ವರ, ಹತ್ತರಗಿ, ಯಮಕನಮರಡಿಗಳ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಪ್ರತಿದಿನದ ಗಿರಾಕಿಯನ್ನು ಒದಗಿಸಬಲ್ಲುದು.

ಮೂರೂ ಕಡೆ ಗಿರಾಕಿ ಬೇರೆ, ಬೆಲೆ ಬೇರೆ, ತಿನಿಸು ಬೇರೆ. ಜಲಪಾತದಲ್ಲಿ 60 ರೂಪಾಯಿಗೆ ಮಾರಾಟವಾಗುವ ತಟ್ಟೆ ಕಾರ್ಖಾನೆಯ ಬಾಗಿಲಲ್ಲಿ 35ಕ್ಕೂ ಹೋಗದಿರಬಹುದು. ಜಾತ್ರೆಯ ಮೂರು ದಿನಗಳ ಮಾರಾಟವನ್ನು ವರ್ಷದ 365 ದಿನಗಳಿಗೆ ಗುಣಿಸಿ ಲಾಭ ಎಣಿಸುವುದು ಈ ವ್ಯವಹಾರದಲ್ಲಿ ಆಗುವ ಅತ್ಯಂತ ದುಬಾರಿ ತಪ್ಪು.

ತಿಂಗಳ ಲೆಕ್ಕ: ಒಂದು ಉದಾಹರಣೆ

ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸುವ ಉದಾಹರಣೆ ಮಾತ್ರ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಈ ಸ್ಥಾನಗಳಲ್ಲಿ ಇಟ್ಟು ನೋಡತಕ್ಕದ್ದು.

ವಾಹನ ಮತ್ತು ಒಳಸಜ್ಜು ಸೇರಿ ರೂ. 8,00,000 ಎಂದು ಭಾವಿಸೋಣ. ಇದರಲ್ಲಿ ರೂ. 3,00,000 ಸ್ವಂತ ಹಣ, ರೂ. 5,00,000 ಸಾಲ. ಶೇ. 10.5ರ ಬಡ್ಡಿಯಲ್ಲಿ ಐದು ವರ್ಷಗಳ ಅವಧಿಗೆ ಮಾಸಿಕ ಕಂತು ಸುಮಾರು ರೂ. 10,800 ಆಗುತ್ತದೆ. ತಿಂಗಳ ಸ್ಥಿರ ಖರ್ಚುಗಳು ಹೀಗಿರಲಿ:

1. ಸಾಲದ ಕಂತು: ರೂ. 10,800
2. ಇಬ್ಬರು ಕೆಲಸಗಾರರ ಸಂಬಳ: ರೂ. 30,000
3. ವಿಮೆ, ವಾಹನ ತೆರಿಗೆ, ಪರವಾನಗಿಗಳ ಮಾಸಿಕ ಪಾಲು: ರೂ. 3,000
4. ದುರಸ್ತಿ: ರೂ. 4,000
5. ಜಾಗದ ಬಾಡಿಗೆ ಮತ್ತು ಸ್ವಚ್ಛತೆ: ರೂ. 2,200

ಒಟ್ಟು ರೂ. 50,000. ಮಾಲೀಕನು ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ತನ್ನ ದುಡಿಮೆಗೆ ಬೆಲೆ ಕಟ್ಟುವುದೇ ಇಲ್ಲ. ಬೇರೆಯವರ ಅಂಗಡಿಯಲ್ಲಿ ದುಡಿದರೂ ಅವನಿಗೆ ರೂ. 20,000 ಸಿಗುವುದಾದರೆ ಅದನ್ನೂ ಸೇರಿಸಬೇಕು. ಆಗ ಸ್ಥಿರ ಖರ್ಚು ರೂ. 70,000.

ಒಂದು ತಟ್ಟೆಯ ಮಾರಾಟ ಬೆಲೆ ರೂ. 60, ಸಾಮಗ್ರಿ ರೂ. 26, ಅನಿಲ ರೂ. 4, ತಟ್ಟೆ ಮತ್ತು ಕಾಗದ ರೂ. 3, ಕೆಟ್ಟು ಹೋಗುವ ಮಾಲಿನ ಪಾಲು ರೂ. 3, ಕೂಡಿ ರೂ. 36. ಪ್ರತಿ ತಟ್ಟೆಯಿಂದ ಸ್ಥಿರ ಖರ್ಚಿಗೆ ಉಳಿಯುವುದು ರೂ. 24. ಎಪ್ಪತ್ತು ಸಾವಿರವನ್ನು 24ರಿಂದ ಭಾಗಿಸಿದರೆ ತಿಂಗಳಿಗೆ 2,917 ತಟ್ಟೆಗಳು. ತಿಂಗಳಿಗೆ 25 ದಿನ ವ್ಯಾಪಾರ ನಡೆದರೆ ದಿನಕ್ಕೆ ಸುಮಾರು 117 ತಟ್ಟೆ. ಇಷ್ಟು ಮಾರಿದಾಗ ಮಾಲೀಕನಿಗೆ ದೊರೆಯುವುದು ಸಂಬಳ ಮಾತ್ರ. ಲಾಭವೆಂಬುದು ಇದರ ಮುಂದಿನ ತಟ್ಟೆಯಿಂದ ಆರಂಭ.

ಕಂತಿನಲ್ಲಿರುವ ಅಸಲಿನ ಭಾಗವು ಲೆಕ್ಕಶಾಸ್ತ್ರದ ಪ್ರಕಾರ ವೆಚ್ಚವಲ್ಲ. ಅದರ ಬದಲು ವಾಹನದ ಸವಕಳಿಯನ್ನು ತೋರಿಸಬೇಕು. ಆದರೆ ತಿಂಗಳ ಕೊನೆಗೆ ರೋಕಡ ಸಾಕಾಗುತ್ತದೆಯೇ ಎಂದು ನೋಡಲು ಕಂತನ್ನೇ ಹಿಡಿಯುವುದು ಅನುಕೂಲ. ಸ್ವಂತವಾಗಿ ಹಾಕಿದ ಮೂರು ಲಕ್ಷಕ್ಕೆ ಬರಬೇಕಾದ ಬಡ್ಡಿಯನ್ನು ಇಲ್ಲಿ ಸೇರಿಸಿಲ್ಲ ಎಂಬುದನ್ನೂ ಗಮನಿಸಬೇಕು.

ಜಾತ್ರೆಯ ಲೆಕ್ಕ ಬೇರೆ

ಮೂರು ದಿನಗಳ ಜಾತ್ರೆಗೆ ಹೋಗಬೇಕಾದರೆ ಜಾಗದ ಬಾಡಿಗೆ ರೂ. 9,000, ಹೆಚ್ಚಿನ ಕೂಲಿ ರೂ. 3,500, ಸಾಗಾಟ ಮತ್ತು ತಾತ್ಕಾಲಿಕ ವಿದ್ಯುತ್ ರೂ. 2,500 ಆಯಿತೆನ್ನೋಣ. ಈ ರೂ. 15,000 ಮಾಮೂಲಿ ಖರ್ಚಿನ ಮೇಲಿನ ಖರ್ಚು. ತಟ್ಟೆಗೆ 24ರಂತೆ ಇದಿಷ್ಟೇ ಹೊರಡಲು 625 ತಟ್ಟೆ, ಅಂದರೆ ದಿನಕ್ಕೆ 209 ತಟ್ಟೆ ಮಾರಬೇಕು. ಒಂದೇ ಒಲೆಯ ವಾಹನವು ಜನಸಂದಣಿಯ ನಾಲ್ಕು ತಾಸುಗಳಲ್ಲಿ ಎಷ್ಟು ತಟ್ಟೆ ಕೊಡಬಲ್ಲುದು ಎಂಬುದೇ ಇಲ್ಲಿ ನಿರ್ಣಾಯಕ. ಎರಡು ನಿಮಿಷಕ್ಕೊಂದು ತಟ್ಟೆಯಾದರೆ ತಾಸಿಗೆ 30. ನಾಲ್ಕು ತಾಸಿಗೆ 120 ಮಾತ್ರ. ಗಿರಾಕಿ ಇದ್ದರೂ ಮಾರಾಟವಿಲ್ಲ. ಆದುದರಿಂದ ಜಾತ್ರೆಗೆ ಮೊದಲೇ ಸಿದ್ಧಪಡಿಸಿಟ್ಟು ಕ್ಷಣದಲ್ಲಿ ಕೊಡಬಹುದಾದ ತಿನಿಸನ್ನು ಆಯ್ದುಕೊಳ್ಳಬೇಕು. ರೊಟ್ಟಿ ಬಡಿಯುವುದನ್ನು ತೋರಿಸುವ ಆಕರ್ಷಣೆಯನ್ನು ನೆಮ್ಮದಿಯ ದಿನಗಳಿಗೆ ಇಟ್ಟುಕೊಳ್ಳಬೇಕು.

ವಿದ್ಯುತ್ ಸಂಪರ್ಕದ ಬಗ್ಗೆ ಒಂದು ಮಾತು. ಗೋಕಾಕ, ಮೂಡಲಗಿಗಳಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಹೆಸ್ಕಾಂ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಹುಕ್ಕೇರಿ ಭಾಗದಲ್ಲಿ 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ವಿದ್ಯುತ್ ವಿತರಣೆ ನಡೆಸುತ್ತ ಬಂದಿರುವುದರಿಂದ ಅಲ್ಲಿ ವಿಚಾರಿಸತಕ್ಕದ್ದು. ಪಕ್ಕದ ಅಂಗಡಿಯಿಂದ ತಂತಿ ಎಳೆದುಕೊಳ್ಳುವುದು ಅಪಾಯಕರವೂ ಹೌದು, ನಿಯಮಬಾಹಿರವೂ ಹೌದು.

ರುಚಿ ನೋಡಲು ಕೊಟ್ಟ ತುಣುಕು

ಮೇಳಗಳಲ್ಲಿ ಗಿರಾಕಿಯನ್ನು ನಿಲ್ಲಿಸುವ ಉಪಾಯವೆಂದರೆ ಕೈಗೊಂದು ತುಣುಕು ಕೊಡುವುದು. ಇದು ಉದಾರತೆಯಲ್ಲ, ಜಾಹೀರಾತು. ಆದುದರಿಂದ ಇದಕ್ಕೂ ಲೆಕ್ಕ ಬೇಕು. ಕರದಂಟಿನ ತಯಾರಿಕಾ ಖರ್ಚು ಕಿಲೋಗೆ ರೂ. 400 ಎಂದಿಟ್ಟುಕೊಂಡರೆ 10 ಗ್ರಾಮಿನ ತುಣುಕಿಗೆ ರೂ. 4. ಐದುನೂರು ಜನರಿಗೆ ಕೊಟ್ಟರೆ 5 ಕಿಲೋ, ರೂ. 2,000. ಅರ್ಧ ಕಿಲೋ ಡಬ್ಬಿಯ ಮೇಲೆ ರೂ. 60 ಉಳಿಯುವುದಾದರೆ ಈ ಖರ್ಚು ಹೊರಡಲು 34 ಡಬ್ಬಿ ಮಾರಬೇಕು. ಅಂದರೆ ರುಚಿ ನೋಡಿದ ಪ್ರತಿ 15 ಜನರಲ್ಲಿ ಒಬ್ಬನಾದರೂ ಕೊಳ್ಳಬೇಕು. ಸಂಜೆ ಎಷ್ಟು ತುಣುಕು ಹೋಯಿತು, ಎಷ್ಟು ಡಬ್ಬಿ ಹೋಯಿತು ಎಂದು ಕೀರ್ದಿಯಲ್ಲಿ ಬರೆದಿಟ್ಟವನಿಗೆ ಮಾತ್ರ ಮುಂದಿನ ವರ್ಷ ಆ ಜಾತ್ರೆಗೆ ಬರಬೇಕೋ ಬೇಡವೋ ಎಂಬುದು ತಿಳಿಯುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಇದು ಮುಖ್ಯ. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)(ಎಚ್) ಕಲಮಿನ ಪ್ರಕಾರ ಉಚಿತ ಮಾದರಿಯಾಗಿ ಕೊಟ್ಟ ಸರಕಿನ ಮೇಲಿನ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತನಾದ ತಯಾರಕನು ಆ 5 ಕಿಲೋ ಕರದಂಟಿಗೆ ಬಳಸಿದ ರೂ. 1,200ರ ಒಣಹಣ್ಣಿನ ಮೇಲೆ ಶೇ. 5ರಂತೆ ರೂ. 60 ತೆರಿಗೆ ತೆತ್ತಿದ್ದರೆ ಆ ಜಮೆಯನ್ನು ಹಿಂದಿರುಗಿಸಬೇಕು. ಮೊತ್ತ ಸಣ್ಣದು, ಆದರೆ ವರ್ಷಪೂರ್ತಿ ಕೊಟ್ಟ ಮಾದರಿಗಳಿಗೆ ದಾಖಲೆಯೇ ಇಲ್ಲದಿದ್ದರೆ ದಾಸ್ತಾನಿನಲ್ಲಿ ಕಡಿಮೆಯಾದ ಮಾಲನ್ನು ಬಿಲ್ಲಿಲ್ಲದೆ ಮಾರಿದ್ದೆಂದು ಅಧಿಕಾರಿಗಳು ಶಂಕಿಸಲು ಎಡೆಯಾಗುತ್ತದೆ. ‘ಒಂದು ಕೊಂಡರೆ ಒಂದು ಉಚಿತ’ ಎಂಬುದು ಮಾತ್ರ ಉಚಿತ ಮಾದರಿಯಲ್ಲ. ಒಂದರ ಬೆಲೆಗೆ ಎರಡನ್ನು ಮಾರಿದಂತೆ ಎಂದು 7-3-2019ರ ಸುತ್ತೋಲೆಯು ಸ್ಪಷ್ಟಪಡಿಸಿದೆ. ಅಲ್ಲಿ ಜಮೆಗೆ ಅಡ್ಡಿಯಿಲ್ಲ.

ಇಪ್ಪತ್ತು ಲಕ್ಷವೋ, ನಲವತ್ತು ಲಕ್ಷವೋ

ಬಹಳಷ್ಟು ವ್ಯಾಪಾರಸ್ಥರು ಎಡವುವುದು ಇಲ್ಲಿಯೇ. ಕರ್ನಾಟಕದಲ್ಲಿ ಸರಕುಗಳನ್ನಷ್ಟೇ ಮಾರುವವನು ವಾರ್ಷಿಕ ವಹಿವಾಟು ರೂ. 40 ಲಕ್ಷ ದಾಟಿದಾಗ ಜಿ.ಎಸ್.ಟಿ. ನೋಂದಣಿ ಪಡೆಯಬೇಕು. ಸೇವೆ ಒದಗಿಸುವವನಿಗೆ ಈ ಮಿತಿ ರೂ. 20 ಲಕ್ಷ. ಕಟ್ಟಿದ ಕರದಂಟಿನ ಡಬ್ಬಿಯನ್ನು ಮಾರುವುದು ಸರಕಿನ ಮಾರಾಟ. ಆದರೆ ತಿನ್ನಲು ಸಿದ್ಧವಾದ ಆಹಾರವನ್ನು ಅಲ್ಲಿಯೇ ತಿನ್ನಲು ಅಥವಾ ಕಟ್ಟಿಸಿಕೊಂಡು ಹೋಗಲು ಒದಗಿಸುವುದು ಕಾನೂನಿನ ಕಣ್ಣಿನಲ್ಲಿ ‘ರೆಸ್ಟೋರೆಂಟ್ ಸೇವೆ’. ಅಂಗಡಿಯಲ್ಲಿ ವರ್ಷಕ್ಕೆ 30 ಲಕ್ಷದ ಡಬ್ಬಿಗಳನ್ನು ಮಾರಿ ನೋಂದಣಿಯಿಲ್ಲದೆ ನಿಶ್ಚಿಂತನಾಗಿದ್ದವನು ಅದೇ ಪ್ಯಾನ್ ಸಂಖ್ಯೆಯಲ್ಲಿ ವಾಹನವೊಂದನ್ನು ತೆಗೆದು ಭಜಿ, ರೊಟ್ಟಿ ಊಟ ಮಾರತೊಡಗಿದರೆ ನಲವತ್ತು ಲಕ್ಷದ ರಿಯಾಯಿತಿಯ ಹೊರಗೆ ಬೀಳುತ್ತಾನೆ. ಅಂಗಡಿ ಮತ್ತು ವಾಹನ ಎರಡರ ವಹಿವಾಟನ್ನೂ ಕೂಡಿಸಿಯೇ ಮಿತಿಯನ್ನು ಎಣಿಸಬೇಕು.

ಇನ್ನು ಮೇಲಿನ ಉದಾಹರಣೆಗೆ ಮರಳೋಣ. ತಿಂಗಳಿಗೆ 2,917 ತಟ್ಟೆ, ತಟ್ಟೆಗೆ ರೂ. 60, ಹನ್ನೆರಡು ತಿಂಗಳು: ಒಟ್ಟು ಸುಮಾರು ರೂ. 21 ಲಕ್ಷ. ಅಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನುವ ಹಂತದಲ್ಲಿಯೇ ನೋಂದಣಿಯ ಮಿತಿ ದಾಟುತ್ತದೆ. ‘ನಮ್ಮದು ಸಣ್ಣ ಗಾಡಿ, ನಮಗೇಕೆ ತೆರಿಗೆ’ ಎಂಬ ಮಾತು ಎಂಟು ಲಕ್ಷದ ವಾಹನಕ್ಕೆ ಹೊಂದುವುದಿಲ್ಲ.

ನೋಂದಣಿಯಾದ ಮೇಲೆ ಎರಡು ದಾರಿಗಳಿವೆ. ಸಾಮಾನ್ಯ ಪದ್ಧತಿಯಲ್ಲಿ ಶೇ. 5ರ ತೆರಿಗೆಯನ್ನು ಗಿರಾಕಿಯಿಂದ ವಸೂಲು ಮಾಡಿ ಕಟ್ಟಬಹುದು. ಆದರೆ ಹೂಡುವಳಿ ತೆರಿಗೆಯ ಜಮೆಯಿಲ್ಲ. ವಾಹನ ಕೊಳ್ಳುವಾಗ ತೆತ್ತ ತೆರಿಗೆಯೂ ಆಹಾರ ಸೇವೆಯ ಮಟ್ಟಿಗೆ ಖರ್ಚೇ. ಸರಕು ಸಾಗಣೆ ವಾಹನಗಳ ಮೇಲಿನ ದರ 22-9-2025ರಿಂದ ಶೇ. 28ರಿಂದ 18ಕ್ಕೆ ಇಳಿದಿರುವುದು ಅಷ್ಟರಮಟ್ಟಿನ ಅನುಕೂಲ. ಎರಡನೆಯದು ರಾಜಿ ತೆರಿಗೆ ಪದ್ಧತಿ, ವಹಿವಾಟು ರೂ. 1.5 ಕೋಟಿಯವರೆಗಿನ ಆಹಾರ ಸೇವೆಗೆ ಶೇ. 5. ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ವಿವರಪಟ್ಟಿ. ಆದರೆ ಇಲ್ಲಿ ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಅರುವತ್ತರ ತಟ್ಟೆಯಿಂದ ರೂ. 3 ಕೈಯಿಂದಲೇ ಹೋಗುತ್ತದೆ. ಉಳಿಯುವುದು 24ರ ಬದಲು 21; ಆಗ ತಿಂಗಳಿಗೆ 3,334 ತಟ್ಟೆ, ದಿನಕ್ಕೆ 134 ತಟ್ಟೆ ಮಾರಬೇಕಾಗುತ್ತದೆ. ಐಸ್‌ಕ್ರೀಮ್ ತಯಾರಕರಿಗೆ ಈ ಪದ್ಧತಿ ಲಭ್ಯವಿಲ್ಲ ಎಂಬುದನ್ನು ಆ ವ್ಯವಹಾರ ಯೋಚಿಸುವವರು ನೆನಪಿಡಬೇಕು.

ಹುಕ್ಕೇರಿ, ಸಂಕೇಶ್ವರದವರಿಗೆ ಮತ್ತೊಂದು ಎಚ್ಚರಿಕೆ. ಗಡಹಿಂಗ್ಲಜ, ಕೊಲ್ಲಾಪುರಗಳ ಮೇಳಗಳು ಹತ್ತಿರವೇ ಇದ್ದರೂ ಅವು ಬೇರೆ ರಾಜ್ಯದಲ್ಲಿವೆ. ಅಲ್ಲಿ ಕಾಯಂ ವ್ಯಾಪಾರ ಸ್ಥಳವಿಲ್ಲದೆ ಮೇಳಕ್ಕೆಂದು ಹೋಗಿ ತೆರಿಗೆಗೆ ಒಳಪಟ್ಟ ಸರಕನ್ನು ಮಾರುವವನು ‘ಸಾಂದರ್ಭಿಕ ತೆರಿಗೆದಾರ’ನಾಗಿ ಕನಿಷ್ಠ ಐದು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸಿ, ಅಂದಾಜು ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು. ಈ ನೋಂದಣಿ ಒಮ್ಮೆಗೆ ಗರಿಷ್ಠ 90 ದಿನಗಳದು. ರಾಜಿ ತೆರಿಗೆಯ ಸವಲತ್ತು ಇದಕ್ಕೆ ಅನ್ವಯಿಸುವುದಿಲ್ಲ.

ಮೊಬೈಲ್ ಪಾವತಿ ಮತ್ತು 2025ರ ಪಾಠ

ಜುಲೈ 2025ರಲ್ಲಿ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಮೂಲಕ ಬಂದ ಹಣದ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದುದು ಎಲ್ಲರ ನೆನಪಿನಲ್ಲಿದೆ. ಬೇಕರಿ, ಚಹದಂಗಡಿ, ತರಕಾರಿ ವ್ಯಾಪಾರಿಗಳೂ ಅದರಲ್ಲಿದ್ದರು. ಹಲವರು ಪಾವತಿಯ ಕ್ಯೂಆರ್ ಫಲಕಗಳನ್ನು ತೆಗೆದು ‘ನಗದು ಮಾತ್ರ’ ಎಂದು ಬರೆದರು. ಆ ತಿಂಗಳಿನಲ್ಲಿಯೇ ಮುಖ್ಯಮಂತ್ರಿಗಳು ವ್ಯಾಪಾರಿಗಳೊಡನೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ ಮುಂದೆ ನೋಂದಣಿ ಪಡೆಯಬೇಕೆಂದೂ ತಿಳಿಸಿದರು.

ಈ ಘಟನೆಯಿಂದ ಕಲಿಯಬೇಕಾದ ಪಾಠ ಮೂರು. ಮೊದಲನೆಯದಾಗಿ, ತೆರಿಗೆಯ ಹೊಣೆ ವಹಿವಾಟಿನ ಮೇಲೆ ಇದೆಯೇ ಹೊರತು ಹಣ ಬಂದ ದಾರಿಯ ಮೇಲಲ್ಲ; ನಗದಾಗಿ ಪಡೆದರೂ ಮಿತಿ ಅದೇ. ಎರಡನೆಯದಾಗಿ, ಖಾತೆಗೆ ಬಂದ ಎಲ್ಲ ಹಣವೂ ವಹಿವಾಟಲ್ಲ. ಅಣ್ಣತಮ್ಮಂದಿರು ಕಳುಹಿಸಿದ ಕೈಗಡ, ಮರಳಿ ಬಂದ ಉದ್ರಿ, ತೆರಿಗೆಯಿಲ್ಲದ ಮಾಲಿನ ಮಾರಾಟ ಇವನ್ನು ಬೇರ್ಪಡಿಸಿ ತೋರಿಸುವ ಹೊಣೆ ವ್ಯಾಪಾರಿಯದು. ಮೂರನೆಯದಾಗಿ, ಮನೆಯ ಖಾತೆ ಬೇರೆ, ಗಾಡಿಯ ಖಾತೆ ಬೇರೆ ಇರಬೇಕು. ಹೆಂಡತಿಯ ಹೆಸರಿನ ಖಾತೆಗೆ ಸ್ವಲ್ಪ, ಮಗನ ಖಾತೆಗೆ ಸ್ವಲ್ಪ ಹಣ ಹಾಕಿಸಿಕೊಳ್ಳುವುದು ಪರಿಹಾರವಲ್ಲ. ಒಬ್ಬರ ತೊಡಕನ್ನು ಮೂವರಿಗೆ ಹಂಚಿದಂತೆ.

ಆದಾಯ ತೆರಿಗೆಯಲ್ಲಿ ಡಿಜಿಟಲ್ ಪಾವತಿಗೆ ಉತ್ತೇಜನವೇ ಇದೆ. ಹಳೆಯ ಕಾಯಿದೆಯ 44ಎಡಿ ಕಲಮಿನಲ್ಲಿ ಹಾಗೂ 1-4-2026ರಿಂದ ಅನ್ವಯಿಸುವ 2025ರ ಕಾಯಿದೆಯ 58ನೆಯ ಕಲಮಿನಲ್ಲಿ ಅಂದಾಜು ಲಾಭವನ್ನು ನಗದು ಮಾರಾಟಕ್ಕೆ ಶೇ. 8 ಎಂದೂ ಬ್ಯಾಂಕು ಅಥವಾ ಡಿಜಿಟಲ್ ಮೂಲಕ ಬಂದ ಮಾರಾಟಕ್ಕೆ ಶೇ. 6 ಎಂದೂ ಗೊತ್ತುಪಡಿಸಲಾಗಿದೆ.

ಜಾಗ, ವಾಹನ, ಶುಚಿತ್ವ

1. ನಿಲ್ಲುವ ಜಾಗ: 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಸ್ಥಳೀಯ ಸಂಸ್ಥೆಗಳ ಮೂಲಕ ವ್ಯಾಪಾರ ಪ್ರಮಾಣಪತ್ರ ಮತ್ತು ರಕ್ಷಣೆಯನ್ನು ನೀಡುತ್ತದೆ. ಆದರೆ ಪ್ರಮಾಣಪತ್ರ ಪಡೆಯುವವನು ತನಗೆ ಬೇರೆ ಜೀವನೋಪಾಯವಿಲ್ಲವೆಂದೂ, ವ್ಯಾಪಾರವನ್ನು ತಾನೇ ಅಥವಾ ಕುಟುಂಬದವರ ಮೂಲಕ ನಡೆಸುವುದಾಗಿಯೂ, ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವುದಿಲ್ಲವೆಂದೂ ಮುಚ್ಚಳಿಕೆ ಬರೆದುಕೊಡಬೇಕು. ಆದುದರಿಂದ ಈಗಾಗಲೇ ಅಂಗಡಿಯಿರುವ ವ್ಯಾಪಾರಸ್ಥನು ಈ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಅವನು ಗೋಕಾಕ ನಗರಸಭೆ, ಮೂಡಲಗಿ, ಹುಕ್ಕೇರಿ, ಸಂಕೇಶ್ವರ ಪುರಸಭೆ ಅಥವಾ ಸಂಬಂಧಿಸಿದ ಗ್ರಾಮ ಪಂಚಾಯತಿಯಿಂದ ಅನುಮತಿ ಪಡೆಯಬೇಕು, ಇಲ್ಲವೆ ಖಾಸಗಿ ಜಾಗದ ಮಾಲೀಕನೊಡನೆ ಲಿಖಿತ ಕರಾರು ಮಾಡಿಕೊಳ್ಳಬೇಕು. ಇದೇ ಗಾಡಿಯನ್ನು ನಂಬಿ ಬದುಕುವ ತಳ್ಳುಗಾಡಿಯವನ ಹಕ್ಕಿನ ಜಾಗವನ್ನು ದೊಡ್ಡ ವಾಹನವು ಆಕ್ರಮಿಸದಿರುವುದು ನ್ಯಾಯವೂ ಹೌದು, ಊರಿನಲ್ಲಿ ವ್ಯಾಪಾರ ಮಾಡುವವನ ವಿವೇಕವೂ ಹೌದು.

2. ವಾಹನ: ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾದ ರಚನೆಯನ್ನು ಅನುಮತಿಯಿಲ್ಲದೆ ಬದಲಾಯಿಸಕೂಡದು. ಹಳೆಯ ಸರಕು ವಾಹನ ಕೊಂಡು, ಗೋಕಾಕದ ಗ್ಯಾರೇಜಿನಲ್ಲಿ ಬದಿಯನ್ನು ಕತ್ತರಿಸಿ ಕಿಟಕಿ ಕೂಡಿಸುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯಿಲ್ಲದ ಮಾರ್ಪಾಟು ಅಪಘಾತದ ದಿನ ವಿಮಾ ಪರಿಹಾರಕ್ಕೆ ಅಡ್ಡಿಯಾಗಬಹುದು. ಒಳಗಿನ ಒಲೆ, ಶೀತಲಪೆಟ್ಟಿಗೆ, ದಾಸ್ತಾನುಗಳಿಗೆ ವಾಹನ ವಿಮೆಯಲ್ಲಿ ತಾನಾಗಿಯೇ ರಕ್ಷಣೆ ಬರುವುದಿಲ್ಲ, ಪ್ರತ್ಯೇಕವಾಗಿ ಸೇರಿಸಬೇಕು. ಆಗಸ್ಟ್ 2019ರ ಘಟಪ್ರಭೆಯ ಪ್ರವಾಹದಲ್ಲಿ ಲೋಳಸೂರ ಸೇತುವೆ ಮುಳುಗಿ ಗೋಕಾಕದ ಪೇಟೆಗೆ ನೀರು ನುಗ್ಗಿದುದನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

3. ಆಹಾರ ಸುರಕ್ಷತೆ: ಜಾತ್ರೆಯ ತಾತ್ಕಾಲಿಕ ಮಳಿಗೆಯವನಿಗೂ, ತಿರುಗಿ ಮಾರುವವನಿಗೂ ಆಹಾರ ಸುರಕ್ಷತಾ ನೋಂದಣಿ ಕಡ್ಡಾಯ. 2011ರ ನಿಯಮಗಳು ಬಂದಾಗ ರೂ. 12 ಲಕ್ಷದವರೆಗಿನ ವಹಿವಾಟಿಗೆ ವರ್ಷಕ್ಕೆ ರೂ. 100 ಶುಲ್ಕದ ಸರಳ ನೋಂದಣಿಯನ್ನೂ, ಅದಕ್ಕೆ ಮೇಲ್ಪಟ್ಟವರಿಗೆ ಪರವಾನಗಿಯನ್ನೂ ಗೊತ್ತುಪಡಿಸಿದ್ದವು. ಮಿತಿ ಮತ್ತು ಶುಲ್ಕಗಳು ತಿದ್ದುಪಡಿಗೆ ಒಳಪಡುವುದರಿಂದ ಅರ್ಜಿ ಹಾಕುವ ದಿನ ‘ಫಾಸ್ಕೋಸ್’ ಜಾಲತಾಣದಲ್ಲಿ ನೋಡಿಕೊಳ್ಳತಕ್ಕದ್ದು. ಕೆಲಸಗಾರರ ವೈದ್ಯಕೀಯ ತಪಾಸಣೆ ಮತ್ತು ಕುಡಿಯುವ ನೀರಿನ ಶುದ್ಧತೆಗೆ ದಾಖಲೆಗಳಿರಬೇಕು. ಮಾರ್ಚ್ 2024ರಲ್ಲಿ ರಾಜ್ಯ ಸರಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಬಣ್ಣವನ್ನೂ, ಜೂನ್‌ನಲ್ಲಿ ಕಬಾಬುಗಳ ಕೃತಕ ಬಣ್ಣವನ್ನೂ ನಿಷೇಧಿಸಿತು. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ. 25 ದಾಟಿದರೆ ಆ ಎಣ್ಣೆಯನ್ನು ಮತ್ತೆ ಬಳಸುವಂತಿಲ್ಲ. ವೃತ್ತಪತ್ರಿಕೆಯಲ್ಲಿ ಭಜಿ ಕಟ್ಟುವುದು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಚಮಚಗಳನ್ನು ಕೊಡುವುದು ನಿಷಿದ್ಧ.

4. ಅನಿಲ ಮತ್ತು ತೂಕ: ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಉಪಯೋಗಿಸಕೂಡದು; 19 ಕಿಲೋದ ವಾಣಿಜ್ಯ ಸಿಲಿಂಡರನ್ನೇ ಬಳಸಬೇಕು. ಕಟ್ಟಿ ಮಾರುವ ಡಬ್ಬಿಯ ಮೇಲೆ ತಯಾರಕನ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಕೆಯ ತಿಂಗಳು, ಗರಿಷ್ಠ ಮಾರಾಟ ಬೆಲೆ ಇರಬೇಕು. ತಕ್ಕಡಿಗೆ ಮುದ್ರೆ ಹಾಕಿಸಿರಬೇಕು.

ಬಂಡವಾಳದ ಮೂಲಗಳು

ತಳ್ಳುಗಾಡಿಯವರಿಗೆ 2020ರಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಯೋಜನೆಯನ್ನು 2025ರಲ್ಲಿ ಪರಿಷ್ಕರಿಸಿ 31-3-2030ರವರೆಗೆ ವಿಸ್ತರಿಸಲಾಗಿದೆ. ಮೂರು ಹಂತಗಳಲ್ಲಿ ರೂ. 15,000, 25,000 ಮತ್ತು 50,000 ಸಾಲ ದೊರೆಯುತ್ತದೆ. ವಾಹನದಂತಹ ದೊಡ್ಡ ಹೂಡಿಕೆಗೆ ಮುದ್ರಾ ಯೋಜನೆಯ ‘ಕಿಶೋರ್’ ವರ್ಗದಲ್ಲಿ ರೂ. 5 ಲಕ್ಷದವರೆಗೆ, ‘ತರುಣ್’ ವರ್ಗದಲ್ಲಿ ರೂ. 10 ಲಕ್ಷದವರೆಗೆ ಬ್ಯಾಂಕುಗಳು ಸಾಲ ನೀಡುತ್ತವೆ. ಉದ್ಯಮ್ ನೋಂದಣಿಯನ್ನು ಮೊದಲೇ ಮಾಡಿಸಿಟ್ಟರೆ ಅನುಕೂಲ. ಬ್ಯಾಂಕಿನವರು ಕೇಳುವ ಯೋಜನಾ ವರದಿಯಲ್ಲಿ ಜಾತ್ರೆಯ ದಿನಗಳ ಮಾರಾಟವನ್ನು ತೋರಿಸಿ ಸಾಲ ಪಡೆಯುವುದು ಕಷ್ಟವಲ್ಲ. ಆಷಾಢದ ಮಳೆಯಲ್ಲಿ ಮಂಗಳವಾರದ ದಿನ ಕಂತು ಕಟ್ಟುವುದು ಕಷ್ಟ. ವರದಿಯನ್ನು ಮಂಗಳವಾರದ ಮಾರಾಟದ ಮೇಲೆ ತಯಾರಿಸುವುದು ಕ್ಷೇಮ.

ಕೊನೆಯದಾಗಿ

ವಾಹನ ಕೊಳ್ಳುವುದಕ್ಕೆ ಮುಂಚೆ ಒಂದು ಹಂಗಾಮಿನ ಮಟ್ಟಿಗೆ ಬಾಡಿಗೆಯ ಮೇಜು, ಎರಡು ಒಲೆಗಳೊಂದಿಗೆ ಜಲಪಾತದ ಬಳಿ, ಒಂದು ಜಾತ್ರೆಯಲ್ಲಿ ಮತ್ತು ಹೆದ್ದಾರಿಯ ಪಕ್ಕದಲ್ಲಿ, ಆಯಾ ಅನುಮತಿಗಳೊಡನೆ, ವ್ಯಾಪಾರ ಮಾಡಿ ನೋಡುವುದು ಉತ್ತಮ. ಪ್ರತಿದಿನ ನಾಲ್ಕು ಅಂಕಿಗಳನ್ನು ಬರೆದಿಡಬೇಕು: ಮಾರಿದ ತಟ್ಟೆ, ಉಳಿದು ಕೆಟ್ಟ ಮಾಲು, ರುಚಿಗೆ ಕೊಟ್ಟ ತುಣುಕು, ಎರಡನೆಯ ಸಲ ಬಂದ ಗಿರಾಕಿ. ಮೂರು ತಿಂಗಳ ಈ ಕೀರ್ದಿಯು ದಿನಕ್ಕೆ 134 ತಟ್ಟೆಯ ಗುರಿಯನ್ನು ಮುಟ್ಟುವ ಭರವಸೆ ಕೊಟ್ಟರೆ ಸಾಲಕ್ಕೆ ಕೈಹಾಕಬಹುದು. ಎಂಬತ್ತಕ್ಕೇ ನಿಂತರೆ ತಳ್ಳುಗಾಡಿಯೇ ಸಾಕು. ಅದರಲ್ಲಿ ಅವಮಾನವೇನೂ ಇಲ್ಲ. ಎಂಬತ್ತು ತಟ್ಟೆ ಮಾರುವ ತಳ್ಳುಗಾಡಿಯವನಿಗೆ ಸಂಜೆ ನಾಲ್ಕು ಕಾಸು ಉಳಿಯುತ್ತದೆ. ಅಷ್ಟನ್ನೇ ಮಾರುವ ದೊಡ್ಡ ವಾಹನದವನಿಗೆ ಉಳಿಯುವುದು ಕಂತಿನ ಚಿಂತೆ. ಕರದಂಟಿನ ರುಚಿಯನ್ನು ಗಿರಾಕಿ ಒಂದೇ ತುಣುಕಿನಲ್ಲಿ ಅರಿಯುತ್ತಾನೆ. ವ್ಯಾಪಾರದ ರುಚಿ ನೋಡಬೇಕಾದ ಉದ್ಯಮಿಯೂ ಮೊದಲು ಸಣ್ಣ ತುಣುಕನ್ನೇ ಆಯ್ದುಕೊಳ್ಳುವುದು ಲೇಸು.